ಲೇಔಟ್ ನಕ್ಷೆಯಲ್ಲಿ ಬೇಲಿಸಾಲು ಉಳಿಸಿಕೊಂಡದ್ದು ಹೇಗೆ

ಹೊಸ ಲೇಔಟ್‌ನಲ್ಲಿ ಪ್ರಾಣಿ ಪಕ್ಷಿಗಳಿಗೆ ಜಾಗ ಉಳಿಸಬೇಕು ಅಂದಾಗ ಜಾಸ್ತಿ ಜನ ಕೊನೆಯಲ್ಲಿ ಗಿಡ ನೆಡುವ ಮಾತಾಡುತ್ತಾರೆ. ಅಷ್ಟೊತ್ತಿಗೆ ಜೆಸಿಬಿ ಬಂದು ಹೋಗಿರುತ್ತದೆ. ಬದು ಸಮ ಆಗಿರುತ್ತದೆ, ಹಳ್ಳ ಕಾಂಕ್ರೀಟ್ ಚರಂಡಿ ಆಗಿರುತ್ತದೆ. ನಕ್ಷೆ ಮಾಡುವವನಾಗಿ ನಾನು ಕಂಡದ್ದು ಇಷ್ಟು: ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದು ರಸ್ತೆಯ ಮೊದಲ ಗೆರೆ ಎಳೆದ ದಿನವೇ ತೀರ್ಮಾನ ಆಗಿಬಿಡುತ್ತದೆ.

ಇದಕ್ಕೆ ಉದಾಹರಣೆಯಾಗಿ ನಾನು ನಕ್ಷೆ ಮಾಡಿದ ಒಂದು ಲೇಔಟ್: ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆ ಕಡೆ, ಸುಮಾರು ಇಪ್ಪತ್ತು ಎಕರೆ ಜಮೀನು. ಹತ್ತಿರದಲ್ಲೇ ಬನ್ನೇರುಘಟ್ಟ ಕಾಡು. 2016ರ ಕರಡಿನಲ್ಲಿ ಅದರ ಪರಿಸರ ಸೂಕ್ಷ್ಮ ವಲಯ (ಕಾಡಿನ ಸುತ್ತ ಕಟ್ಟಡ ಕೆಲಸಕ್ಕೆ ನಿರ್ಬಂಧ ಇರುವ ಪ್ರದೇಶ) 268.96 ಚದರ ಕಿ.ಮೀ. ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ನಮ್ಮ ಜಮೀನು ವಲಯದ ಹೊರಗೆ. ಅಂದರೆ ಕಾಗದದ ಮೇಲೆ ಯಾವ ಅಡ್ಡಿಯೂ ಇರಲಿಲ್ಲ. ಇಂಥ ಜಮೀನುಗಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ, ಯಾಕೆಂದರೆ ಅಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ.

ಮೊದಲು ಗ್ರಾಮ ನಕಾಶೆ ತೆಗೆಸಿದೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ಸರ್ಕಾರಿ ದಾಖಲೆ) ನೋಡಿದೆ, ಮೊಬೈಲ್‌ನಲ್ಲಿ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳನ್ನು ತಾಳೆ ಹಾಕಿದೆ. ಜಮೀನಿನ ಮಧ್ಯೆ ಒಂದು ಹಳ್ಳ, ಅದು ಬಿ ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. ಬೇಸಿಗೆಯಲ್ಲಿ ಹೋದರೆ ಹಳ್ಳ ಅಂತ ಗೊತ್ತೇ ಆಗುವುದಿಲ್ಲ, ಬರೀ ಮುಳ್ಳುಪೊದೆ. ಆದ್ದರಿಂದ ಮಳೆಗಾಲದಲ್ಲೂ ಒಮ್ಮೆ ನಡೆದು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಮಿಂಚುಳ್ಳಿ ಯಾವ ಮಣ್ಣಿನ ದಿಬ್ಬದಲ್ಲಿ ತೂತು ಕೊರೆದಿದೆ, ಎಲ್ಲ ಕಾಣುತ್ತದೆ.

ಹಳ್ಳದಿಂದ ಜಮೀನಿನ ಮೇಲ್ತುದಿವರೆಗೆ ಹಳೇ ಬೇಲಿಸಾಲು ಇತ್ತು. ಹೊಂಗೆ, ಜಾಲಿ, ಬೇವು, ಕೆಳಗೆ ಕತ್ತಾಳೆ, ಮೇಲೆಲ್ಲ ಬಳ್ಳಿ. ಪಕ್ಕದ ಜಮೀನಿನ ಹಿರಿಯರೊಬ್ಬರು, "ಸ್ವಾಮಿ, ಅದ್ರಲ್ಲಿ ಕಾಡುಪಾಪ ಐತೆ, ನಾವು ಚಿಕ್ಕವರಿದ್ದಾಗಿಂದ ನೋಡ್ತಿದ್ದೀವಿ" ಅಂದರು. ಕಾಡುಪಾಪ ಅಂದರೆ ರಾತ್ರಿ ಓಡಾಡುವ, ದೊಡ್ಡ ಕಣ್ಣಿನ, ಕೋತಿ ಜಾತಿಗೆ ಹತ್ತಿರದ ಪುಟ್ಟ ಪ್ರಾಣಿ. ಕತ್ತಲಾದ ಮೇಲೆ ಹೋದೆವು. ಟಾರ್ಚ್‌ಗೆ ಕೆಂಪು ಕಾಗದ ಸುತ್ತಿಕೊಂಡು, ಸದ್ದಿಲ್ಲದೆ. ಜಾಲಿ ಕೊಂಬೆಗಳ ನಡುವೆ ಕೆಂಡದಂತೆ ಎರಡು ಕಣ್ಣು ಹೊಳೆದವು. ಸ್ವಲ್ಪ ಹೊತ್ತಿಗೆ ಮೈ ಕಂಡಿತು. ಕಡ್ಡಿಯಂಥ ಕೈಕಾಲು, ಬಾಲ ಇಲ್ಲ. ಒಂದು ಕೈ ಚಾಚಿ ಮುಂದಿನ ಕೊಂಬೆ ಹಿಡಿಯಿತು, ಹಿಡಿತ ಗಟ್ಟಿ ಅಂತ ಖಾತ್ರಿಯಾದ ಮೇಲೆಯೇ ಹಿಂದಿನ ಕಾಲು ಬಿಟ್ಟಿತು.

ಕಾಡುಪಾಪ ಕೋತಿಯ ಹಾಗೆ ಹಾರುವುದಿಲ್ಲ. ಕೊಂಬೆಗೆ ಕೊಂಬೆ ತಾಗಿರಬೇಕು. ಸಾಲಿನ ನಡುವೆ ರಸ್ತೆ ಅಗಲದಷ್ಟು ಬಯಲಾದರೆ ಅದು ನೆಲಕ್ಕಿಳಿದು ದಾಟಬೇಕು, ಅಲ್ಲಿ ನಾಯಿ ಇರುತ್ತದೆ, ಕಾರು ಇರುತ್ತದೆ. ಹಾಗಾಗಿ ಎಷ್ಟು ಮರ ಉಳಿಸಿದಿರಿ ಅನ್ನುವ ಲೆಕ್ಕಕ್ಕಿಂತ ಸಾಲು ಎಲ್ಲಿ ತುಂಡಾಯಿತು ಅನ್ನುವುದೇ ಮುಖ್ಯ.

ಮಾಲೀಕರ ಪ್ರಶ್ನೆ ಒಂದೇ: ಎಷ್ಟು ಸೈಟ್ ಹೋಗುತ್ತೆ? ನ್ಯಾಯವಾದ ಪ್ರಶ್ನೆ, ಅವರು ದುಡ್ಡು ಹಾಕಿದ್ದಾರೆ. ನಾನು ನಕ್ಷೆ ಹರಡಿಯೇ ಉತ್ತರ ಕೊಟ್ಟೆ. ಉದ್ಯಾನಕ್ಕೆ ಅಂತ ಶೇ. 10ರಷ್ಟು ಜಾಗ ಹೇಗೂ ಬಿಡಬೇಕು. ಹಳ್ಳದ ಪಕ್ಕ ಬಫರ್, ಅಂದರೆ ಏನೂ ಕಟ್ಟದ ಪಟ್ಟಿ, ಬಿಡಬೇಕು (ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ನಲ್ಲಿ ಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಅಂತ ಇಟ್ಟಿದ್ದರು). ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಸೈಟುಗಳನ್ನೆಲ್ಲ ಚೌಕ ಚೌಕ ಕತ್ತರಿಸಿ, ಮಾರಾಟ ಆಗದ ಮೂಲೆ ತ್ರಿಕೋನಗಳನ್ನು ಪಾರ್ಕ್ ಅಂತ ತೋರಿಸುತ್ತಾರೆ. ನಾನು ಅದೇ ಪಾರ್ಕ್ ಜಾಗವನ್ನು ಉದ್ದಕ್ಕೆ ಎಳೆದು ಹಳ್ಳಕ್ಕೂ ಬೇಲಿಸಾಲಿಗೂ ಸೇರಿಸಿದೆ. ಆಮೇಲೆ ರಸ್ತೆ, ಕೊನೆಗೆ ಸೈಟು. ಒಂದಷ್ಟು ಸೈಟ್ ಕಮ್ಮಿ ಆಯಿತು ನಿಜ, ಆದರೆ ಮಾಲೀಕರು ಹೆದರಿದಷ್ಟಲ್ಲ. ಸಾಲಿಗೆ ತಾಗಿದ ಸೈಟುಗಳಿಗೆ ಕೇಳುವವರೂ ಜಾಸ್ತಿ ಬಂದರು.

ಸಾಲನ್ನು ದಾಟುವ ರಸ್ತೆ ಒಂದೇ ಇಟ್ಟೆವು. ಎರಡು ದೊಡ್ಡ ಹೊಂಗೆ ಎದುರುಬದುರು ನಿಂತ ಕಡೆ ಅದನ್ನು ತಂದು, ಅಲ್ಲಿ ಮಾತ್ರ ರಸ್ತೆ ಕಿರಿದು ಮಾಡಿದೆವು. ಕೊಂಬೆಗಳು ಪೂರ್ತಿ ಕೂಡುವವರೆಗೆ ಮೇಲೆ ದಪ್ಪ ತೆಂಗಿನ ನಾರಿನ ಹಗ್ಗ ಕಟ್ಟಿದ್ದೇವೆ. ಕರೆಂಟ್ ತಂತಿ ನೆಲದಡಿ ಹೋಯಿತು. ಬರಿ ತಂತಿ ಹಿಡಿದು ಕಾಡುಪಾಪಗಳು ಸಾಯುತ್ತವೆ, ಇದರಲ್ಲಿ ರಾಜಿ ಬೇಡ. ಸಾಲಿನ ಪಕ್ಕದ ದೀಪಗಳು ಗಿಡ್ಡ, ಹಳದಿ ಬೆಳಕು, ಮುಖ ಕೆಳಗೆ. ಕಾಂಪೌಂಡ್ ಗೋಡೆಯ ಬುಡದಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟೆವು, ಮುಂಗುಸಿ, ಉಡ, ಮೊಲ ನುಸುಳುವಷ್ಟು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಪೊದೆ ಉಳಿಸುವುದು. ಗುತ್ತಿಗೆದಾರರಿಗೆ ಪೊದೆ ಅಂದರೆ ಕಸ. ಲಾನ್ ಹಾಕಿದರೆ ಚೆಂದ ಅಂತ ಅವರ ವಾದ. ಆದರೆ ಕಾಡುಪಾಪ ತಿನ್ನುವ ಹುಳಹುಪ್ಪಟೆ ಇರುವುದೇ ಆ ಬಳ್ಳಿ, ತರಗೆಲೆ, ಒಣ ತೊಗಟೆಯಲ್ಲಿ. ಗುರುತಿನ ಕಲ್ಲು ನೆಟ್ಟು, ಕಲ್ಲಿನಾಚೆ ಯಂತ್ರ ಇಳಿಸಿದರೆ ಬಿಲ್ ಪಾಸಾಗುವುದಿಲ್ಲ ಅಂತ ಕರಾರಿನಲ್ಲೇ ಬರೆಸಿದೆವು. ಬಾಯಿಮಾತಿನಲ್ಲಿ ಹೇಳಿದ್ದು ಸೈಟ್‌ನಲ್ಲಿ ನಡೆಯಲ್ಲ. ಮನೆ ಕೊಂಡವರಿಗೆ ಹಾವಿನ ಭಯ, ಅದು ಸಹಜ. ಅದಕ್ಕೆ ನಡೆಯುವ ದಾರಿಯ ಎರಡೂ ಪಕ್ಕ ಹುಲ್ಲು ಕತ್ತರಿಸಿ ಬಯಲು ಪಟ್ಟಿ ಇಟ್ಟೆವು.

ಇನ್ನೊಂದು ವಿಷಯ. ಬ್ರೋಷರ್‌ನಲ್ಲಿ ಕಾಡುಪಾಪದ ಫೋಟೋ ಹಾಕುತ್ತೇವೆ ಅಂದಾಗ ನಾನು ಬೇಡವೇ ಬೇಡ ಅಂದೆ. ಮಾಟ ಮಂತ್ರ, ನಾಟಿ ಔಷಧಿ ಅಂತ ಅದನ್ನು ಹಿಡಿಯುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಆದರೂ ಜಾಗದ ವಿಳಾಸ ಕೊಟ್ಟಮೇಲೆ ಕಾಯುವುದು ಕಷ್ಟ.

ಈಗ ಲೇಔಟ್ ನಿವಾಸಿಗಳ ಸಂಘದ ಕೈಯಲ್ಲಿದೆ. ಹಸ್ತಾಂತರದ ಪತ್ರಕ್ಕೆ ಸಾಲಿನ ನಕ್ಷೆ ಲಗತ್ತಿಸಿ, ರಸ್ತೆ ಮೇಲೆ ಕೂಡುವ ಕೊಂಬೆಗಳನ್ನು ಸಂಘದ ಸಭೆಯಲ್ಲಿ ತೀರ್ಮಾನ ಆಗದೆ ಕಡಿಯುವಂತಿಲ್ಲ ಅಂತ ಷರತ್ತು ಸೇರಿಸಿದ್ದೇವೆ. ಒಣಗಿದ ಕೊಂಬೆ ತೆಗೆಯಬೇಕಾದರೆ ಗೂಡು ನೋಡಿ, ಒಂದು ಪಕ್ಕ ಮಾತ್ರ ತೆಗೆದು, ಅದು ಚಿಗುರಿದ ಮೇಲೆ ಇನ್ನೊಂದು ಪಕ್ಕ.