ದಬ್ಬಾಳಿಕೆ, ನಿರಂಕುಶ, ಸರ್ವಾಧಿಕಾರ: ಯಾವ ಪದ ಎಲ್ಲಿಗೆ?

ನಮ್ಮ ಚಿತ್ರದುರ್ಗದಲ್ಲಿ ಒಂದು ಬೀದಿಯ ಅಂಗಡಿಗಳನ್ನು ಒಡೆದರು. ನೋಟಿಸಿನಲ್ಲಿ ಏಳು ದಿನ ಅಂತ ಇತ್ತು, ಮೂರನೇ ದಿನ ಬೆಳಿಗ್ಗೆಯೇ ಜೆಸಿಬಿ ಬಂದು ನಿಂತಿತ್ತು. ಸಂಜೆ ಟೀ ಅಂಗಡಿ ಬೆಂಚಿನ ಮೇಲೆ ಕೂತು ಮನವಿ ಬರೆಯುವಾಗ ಹುಡುಗರು "ಸರ್ವಾಧಿಕಾರ", "ಪಾಳೇಗಾರಿಕೆ" ಅಂತ ಬಾಯಿಗೆ ಬಂದದ್ದೆಲ್ಲ ಸೇರಿಸಿದರು. ಪಕ್ಕದಲ್ಲಿದ್ದ ಅಜ್ಜ ಪಾಳೇಗಾರಿಕೆ ಅನ್ನೋ ಪದದ ಮೇಲೆ ಬೆರಳಿಟ್ಟರು. "ಇದನ್ನ ತಗಿಯಪ್ಪ. ಸಂತೆಹೊಂಡ ಕಟ್ಟಿಸಿದೋರ ಹೆಸರು ಬೈಯೋಕೆ ಯಾಕೆ ಬೇಕು?"

ಸರಿಯಾದ ಮಾತು. ಊರಿನ ಹಳೇ ಹೊಂಡ ಆ ಸಂತೆಹೊಂಡ, ಕಟ್ಟಿಸಿದ್ದು ಪಾಳೇಗಾರರೇ. ಪಾಳೆಯ ಅಂದರೆ ದಂಡು ಬೀಡುಬಿಟ್ಟ ಜಾಗ. ಒಂದು ಸೀಮೆಯನ್ನು ನೋಡಿಕೊಂಡು ವಿಜಯನಗರದ ಅರಸರಿಗೆ ದಂಡು ಒದಗಿಸುತ್ತಿದ್ದವರು ಪಾಳೇಗಾರರು. ಈಗ ಪತ್ರಿಕೆಗಳಲ್ಲಿ ದರ್ಪ ತೋರಿಸುವವರಿಗೆಲ್ಲ ಈ ಹೆಸರು ಅಂಟಿಸುತ್ತಾರೆ. ಬೇರೆ ಕಡೆ ನಡೆದೀತು, ಆದರೆ 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಂಡ ಪಾಳೇಗಾರ ಮದಕರಿ ನಾಯಕನನ್ನು ಇವತ್ತಿಗೂ ಮನೆಯ ಹಿರಿಯನ ಹಾಗೆ ನೆನೆಯುವ ಊರಲ್ಲಿ ಅದನ್ನು ಬೈಗುಳ ಮಾಡಿದರೆ ಓದುವವರ ಮನಸ್ಸು ನೋಯುತ್ತದೆ, ನಿಮ್ಮ ಅಹವಾಲು ಹಿಂದೆ ಬೀಳುತ್ತದೆ.

ಜಾಸ್ತಿ ಕೆಲಸಕ್ಕೆ ಬರುವ ಪದ ದಬ್ಬಾಳಿಕೆ. ಬಲ ಇದ್ದವರು ಇಲ್ಲದವರ ಮೇಲೆ ಜೋರು ಮಾಡುವುದು, ಅಷ್ಟೇ. ಸರ್ಕಾರಕ್ಕೂ ಸೈ, ಸಾಹೇಬರಿಗೂ ಸೈ, ಮನೆಯೊಳಗಿನ ಜೋರಿಗೂ ಸೈ. ಯಾರು ಏನು ಮಾಡಿದರು ಅನ್ನೋದನ್ನು ಮೊದಲು ಬರೆದು ಆಮೇಲೆ ಈ ಪದ ಇಡಿ. ಮೊದಲೇ ಇಟ್ಟರೆ ಸುಮ್ನೆ ಕೂಗಿದ ಹಾಗೆ ಕಾಣುತ್ತದೆ.

ದೌರ್ಜನ್ಯ ಇನ್ನೂ ತೂಕದ ಪದ. ಹೊಡೆತ, ಅವಮಾನ, ಹಿಂಸೆ ನಡೆದಾಗ ಬಳಸಿ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಹೆಸರಲ್ಲೇ ಅದಿದೆ. ಬರೀ ಒರಟು ಮಾತಿಗೆ ದೌರ್ಜನ್ಯ ಅಂತ ಬರೆಯಬೇಡಿ, ಅಲ್ಲಿಗೆ ದರ್ಪ ಸಾಕು.

ನಿರಂಕುಶ ನನಗೆ ಬಹಳ ಇಷ್ಟದ ಪದ. ಮಾವುತನ ಕೈಲಿರುವ ಕೊಕ್ಕೆಯೇ ಅಂಕುಶ. ಅದಿಲ್ಲದ ಆನೆ ಪೇಟೆಯಲ್ಲಿ ನಡೆದುಬಂದರೆ ಹೇಗಿರುತ್ತದೆ ಯೋಚನೆ ಮಾಡಿ. ಕೋರ್ಟು, ಶಾಸನಸಭೆ, ಪತ್ರಿಕೆ, ಚುನಾವಣೆ ಇವೆಲ್ಲ ಆಳುವವರಿಗೆ ಅಂಕುಶ. ಅವು ಮೊಂಡಾದಾಗ ನಿರಂಕುಶ ಆಡಳಿತ ಅನ್ನಿ. ಇದನ್ನು ಅರಾಜಕತೆಯ ಜೊತೆ ಕಲಸಬೇಡಿ, ಎರಡೂ ಎದುರುಬದುರು. ಅರಾಜಕತೆಯಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ, ನಿರಂಕುಶದಲ್ಲಿ ಹೇಳೋರು ಒಬ್ಬರೇ, ಅವರನ್ನು ಕೇಳೋರು ಇಲ್ಲ.

ಸರ್ವಾಧಿಕಾರ ಇಡೀ ವ್ಯವಸ್ಥೆಯ ಹೆಸರು. 1933ರ ನಂತರದ ಹಿಟ್ಲರನ ಜರ್ಮನಿಗೆ ಅದು ಸರಿ, ಒಬ್ಬ ತಾಲ್ಲೂಕು ಅಧಿಕಾರಿಗೆ ಹೇಳಿದರೆ ಅಳತೆ ತಪ್ಪುತ್ತದೆ. ತುಘಲಕ್ ದರ್ಬಾರು ಬೇರೆಯದೇ. ರಾಜಧಾನಿಯನ್ನು ದೆಹಲಿಯಿಂದ ದೇವಗಿರಿಗೆ ಒಯ್ದ ದೊರೆಯ ಹೆಸರದು, ಮನಸ್ಸಿಗೆ ಬಂದ ಹಾಗೆ ಆಜ್ಞೆ ಹೊರಡಿಸುವವರಿಗೆ ಹೊಂದುತ್ತದೆ. ತುರ್ತು ಪರಿಸ್ಥಿತಿ ಸಂವಿಧಾನದಲ್ಲೇ ಇರುವ ಮಾತು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಜನ ಅನುಭವಿಸಿದ್ದರಿಂದ ಅದಕ್ಕೆ ಭಯದ ಅರ್ಥ ಬಂತು. ಈಗಿನದಕ್ಕೆ ಬಳಸುವಾಗ "ಅಘೋಷಿತ" ಸೇರಿಸುವುದು ವಾಡಿಕೆ.

ಕಾಯಬೇಕಾದವರೇ ಕಸಿದುಕೊಂಡಾಗ ಇದ್ಯಾವುದೂ ಬೇಡ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ.

ಆ ಸಂಜೆ ಮನವಿಯಲ್ಲಿ ಕೊನೆಗೆ ಉಳಿದದ್ದು ಇಷ್ಟು: "ಏಳು ದಿನ ಕಾಲಾವಕಾಶ ಕೊಟ್ಟು ಮೂರನೇ ದಿನವೇ ಅಂಗಡಿ ಒಡೆದಿದ್ದೀರಿ. ಸಾಮಾನು ತೆಗೆಯಲೂ ಬಿಡಲಿಲ್ಲ. ಇದು ದಬ್ಬಾಳಿಕೆ." ಅಜ್ಜ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ಮೊದಲ ಸಹಿ ಅವರೇ ಹಾಕಿದರು.