ಮಂಗಳನ ಕಲ್ಲು ಅಂತ ನಾನು ಮೊದಲು ಕೊಂಡಿದ್ದು

ನಾನು ಮೊದಲು ಕೊಂಡ 'ಮಂಗಳನ ಕಲ್ಲು' ಮಂಗಳದ್ದಾಗಿರಲಿಲ್ಲ. ಮಂಗಳ ಗ್ರಹದಿಂದ ಸಿಡಿದು ಭೂಮಿಗೆ ಬಂದು ಬಿದ್ದ ಉಲ್ಕಾಶಿಲೆಗೆ ಹಾಗನ್ನುತ್ತಾರೆ. ಮಾರಿದವರ ಮಾತು ನಂಬಿದೆ, ಒಂದು ವಾರ ಕಂಡಕಂಡವರಿಗೆಲ್ಲ ತೋರಿಸಿದೆ. ಒಂದಿನ ಸುಮ್ನೆ ಮ್ಯಾಗ್ನೆಟ್ ಹತ್ತಿರ ಹಿಡಿದರೆ ಟಪ್ ಅಂತ ಕಚ್ಚಿಕೊಂಡಿತು. ಲೆನ್ಸಿನಲ್ಲಿ ನೋಡಿದೆ, ಕತ್ತರಿಸಿದ ಮುಖದ ತುಂಬ ಬೆಳ್ಳಿ ಪುಡಿ ಉದುರಿಸಿದ ಹಾಗೆ ಕಬ್ಬಿಣದ ಚುಕ್ಕಿಗಳು. ಆಕಾಶದಿಂದ ಬಿದ್ದಿದ್ದೇನೋ ಹೌದು, ಆದರೆ ಉಲ್ಕಾಶಿಲೆ ಕೂಡಿಡುವ ಎಲ್ಲರ ಹತ್ತಿರ ಇರುವ ಸಾಧಾರಣ ಕಾಂಡ್ರೈಟ್, ಅಂದರೆ ತೀರಾ ಸಾಮಾನ್ಯ ಬಗೆಯ ಉಲ್ಕಾಶಿಲೆ. ಮಂಗಳನ ಕಲ್ಲಿನಲ್ಲಿ ಲೋಹದ ರೂಪದ ಕಬ್ಬಿಣ ಇಲ್ಲವೆಂದೇ ಹೇಳಬೇಕು. ಅದು ಜ್ವಾಲಾಮುಖಿಯ ಕಲ್ಲು, ನೋಡಲು ನಮ್ಮ ಭೂಮಿಯ ಬಸಾಲ್ಟ್ ಥರವೇ ಇರುತ್ತದೆ. ಮೋಸ ಹೋಗುವುದೂ ಅದಕ್ಕೇ.

ಈಗ ನಾನು ಕಲ್ಲಿಗಿಂತ ಮೊದಲು ಹೆಸರು ನೋಡುತ್ತೇನೆ. ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಾದ ಮೀಟಿಯೊರಿಟಿಕಲ್ ಸೊಸೈಟಿಯ ಬುಲೆಟಿನ್ನಿನಲ್ಲಿ ಆ ಹೆಸರು ಇರಬೇಕು, ನನ್ನ ಕೈಗೆ ಬರುವ ತುಂಡು ಅದೇ ಕಲ್ಲಿನದು ಅನ್ನೋದಕ್ಕೆ ಹಿಂದಿನವರ ಚೀಟಿಗಳು ಒಂದಾದ ಮೇಲೊಂದು ಇರಬೇಕು. ಚೀಟಿ ಇಲ್ಲದಿದ್ದರೆ ಬೇಡ, ಎಷ್ಟೇ ಚೆನ್ನಾಗಿರಲಿ.

ಹೀಗೆ ಕಾದು ಸಿಕ್ಕಿದ್ದು ಎರಡೇ. ಒಂದು 1962ರಲ್ಲಿ ನೈಜೀರಿಯಾದಲ್ಲಿ ಬಿದ್ದ ಜಗಾಮಿ ಅನ್ನೋ ಕಲ್ಲಿನ ತೆಳು ಬಿಲ್ಲೆ, ಬೂದು ಬಣ್ಣ. ಇನ್ನೊಂದು ಟಿಸ್ಸಿಂಟ್, 2011ರ ಜುಲೈಯಲ್ಲಿ ಮೊರಾಕೊದಲ್ಲಿ ಬಿದ್ದದ್ದು. ಉಗುರಿನಷ್ಟೂ ಇಲ್ಲ ಅದು, ಆದರೆ ನನಗೆ ಅದೇ ಇಷ್ಟ. ಒಂದು ಕಡೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು ಸಿಪ್ಪೆ, ಒಳಗೆ ತಿಳಿ ಹಸಿರಿನ ಆಲಿವೀನ್ ಅನ್ನೋ ಖನಿಜದ ಕಾಳುಗಳು, ಅವುಗಳ ನಡುವೆ ಕಪ್ಪು ಗಾಜಿನ ಒಂದು ಗುಳಿ.

ನಿಜವಾದ ಕಥೆ ಇರೋದು ಅಂಥ ಗಾಜಿನಲ್ಲೇ. ಮಂಗಳಕ್ಕೆ ಏನೋ ಬಂದು ಜೋರಾಗಿ ಗುದ್ದಿದಾಗ ಕಲ್ಲು ಅಲ್ಲಲ್ಲಿ ಕರಗಿ ಗಾಜಾಗುತ್ತದೆ, ಆ ಗಾಜಿನೊಳಗೆ ಅಲ್ಲಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. 1979ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದು ಕಲ್ಲಿನ ಗಾಜಿನಿಂದ ಅನಿಲ ತೆಗೆದು ಅಳೆದರು. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ಮೇಲೆ ಇಳಿದು ಅಳೆದ ಗಾಳಿಗೂ ಇದಕ್ಕೂ ತಾಳೆಯಾಯಿತು. ಇಂಥ ಕಲ್ಲುಗಳು ಮಂಗಳದಿಂದ ಬಂದವು ಅನ್ನೋದು ಅಲ್ಲಿಯವರೆಗೆ ಊಹೆ ಅಷ್ಟೇ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಎಲ್ಲಿಂದ ಬಂತು ಅಂತ ನೂರು ವರ್ಷ ಕಳೆದರೂ ಖಚಿತ ಇರಲಿಲ್ಲ, ಈಗ ಮಂಗಳನ ಕಲ್ಲುಗಳ ಒಂದು ಇಡೀ ಗುಂಪಿಗೇ ಶೆರ್ಗೊಟೈಟ್ ಅಂತ ಅದರ ಹೆಸರು.

ನನ್ನ ಹತ್ತಿರ ಇಲ್ಲದ್ದು ನಖ್ಲಾ, 1911ರಲ್ಲಿ ಈಜಿಪ್ಟಿನಲ್ಲಿ ಬಿದ್ದದ್ದು. ಅದರಲ್ಲಿ ಜೇಡಿಮಣ್ಣಿನಂಥ ಖನಿಜದ ಕಂದು ಎಳೆಗಳಿವೆ, ನೀರು ತಾಗದೆ ಅವು ಆಗೋದಿಲ್ಲ. ಭೂಮಿಯ ಮಳೆಯಿಂದಲೂ ಆಗಿರಬಹುದಲ್ವಾ ಅಂತ ನನಗೂ ಅನ್ನಿಸಿತ್ತು. ಆದರೆ ಬೀಳುವಾಗ ಸುಟ್ಟು ಆದ ಸಿಪ್ಪೆ ಆ ಎಳೆಗಳನ್ನು ಕತ್ತರಿಸಿದೆ. ಅಂದರೆ ಎಳೆ ಮೊದಲು, ಬಿದ್ದದ್ದು ಆಮೇಲೆ.

ಮೊನ್ನೆ ಗೆಳೆಯನೊಬ್ಬ ಟಿಸ್ಸಿಂಟನ್ನು ಉಜ್ಜಿ ಪಾಲಿಶ್ ಮಾಡಿಸು, ಇನ್ನೂ ಚೆನ್ನಾಗಿ ಕಾಣುತ್ತೆ ಅಂದ. ಬೇಡಪ್ಪಾ ಅಂದೆ. ಆ ಕಪ್ಪು ಗುಳಿ ಸರಿಯಾಗಿ ಅಂಚಿನಲ್ಲೇ ಇದೆ, ಸ್ವಲ್ಪ ಉಜ್ಜಿದರೂ ಮೊದಲು ಹೋಗೋದು ಅದೇ.