ಮುಸ್ಸಂಜೆಯಲ್ಲಿ ನಾಯಿ ಜತೆ ಹೊರಟಾಗ ನಾನು ನೋಡುವುದು ನಾಯಿಯನ್ನೇ

ಹೊಲದ ಬದು, ಕುರುಚಲು ಪೊದೆ, ಮಣ್ಣಿನ ದಾರಿ. ಇಂಥ ಕಡೆ ಹೊತ್ತು ಮುಳುಗುವಾಗ ನಾಯಿ ಹಿಡಿದು ನಡೆಯುವವರಿಗೆ ಕಾಡುಪ್ರಾಣಿ ಎದುರಾಗುವುದು ಅಚ್ಚರಿಯ ಸಂಗತಿಯೇನಲ್ಲ. ಮೊಲ, ನರಿ, ಹಂದಿ, ಮುಳ್ಳುಹಂದಿ ಎಲ್ಲವೂ ಮೇವು ಹುಡುಕಿ ಹೊರಡುವುದೇ ಆಗ. ಅವು ಕೆಲಸಕ್ಕೆ ಹೊರಟ ದಾರಿಯಲ್ಲೇ ನಾವೂ ಹೋಗುತ್ತಿರುತ್ತೇವೆ, ಅದೂ ಬೇಟೆಯ ಪ್ರಾಣಿಯೊಂದನ್ನು ಜತೆಗೆ ಕರೆದುಕೊಂಡು.

ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೆ. ಮೂಗಿನ ಮಾತಂತೂ ಬೇಡವೇ ಬೇಡ. ಹಾಗಾಗಿ ಪೊದೆಯೊಳಗೆ ಕಣ್ಣು ಹಾಯಿಸುತ್ತಾ ನಡೆಯುವುದನ್ನು ಬಿಟ್ಟು ನಾನು ನಾಯಿಯ ಕಿವಿ, ಬಾಲ, ಬೆನ್ನಿನ ಕೂದಲು ನೋಡುತ್ತಾ ನಡೆಯುತ್ತೇನೆ. ಮೊಲ ಇದ್ದರೆ ನನ್ನ ನಾಯಿಯ ಕಿವಿ ಮುಂದಕ್ಕೆ ನಿಮಿರುತ್ತದೆ, ಮೈ ಸಣ್ಣಗೆ ನಡುಗುತ್ತದೆ, ಗಂಟಲಲ್ಲೇ ಕುಂಯ್‌ಗುಡುತ್ತದೆ. ನರಿಯಾದರೆ ಮೂಗು ಗಾಳಿಗೆ ಏರುತ್ತದೆ, ಭುಜದ ಮೇಲಿನ ಕೂದಲು ನಿಗುರುತ್ತದೆ, ನಡಿಗೆ ಬಿಗಿಯಾಗುತ್ತದೆ. ಹಂದಿಯ ವಾಸನೆ ಬಂದರೆ ಕಾಲೂರಿ ನಿಂತು ತಗ್ಗಿದ ದನಿಯಲ್ಲಿ ಗುರುಗುಟ್ಟುತ್ತದೆ. ಇದೆಲ್ಲ ನನ್ನ ನಾಯಿಯ ಲಕ್ಷಣ. ನಿಮ್ಮದು ಬೇರೆ ಮಾಡೀತು, ಗಮನಿಸಿ ಕಲಿಯಬೇಕಷ್ಟೆ.

ಎರಡು ಸೂಚನೆಗಳ ಮುಂದೆ ಮಾತ್ರ ನಾನು ಯೋಚನೆಗೇ ನಿಲ್ಲುವುದಿಲ್ಲ. ಕತ್ತು ಮುಂದಕ್ಕೆ ಚಾಚಿ, ಮೈ ಹಿಂದಕ್ಕೆ ಎಳೆದುಕೊಂಡು, ನೆಲದ ಒಂದೇ ಜಾಗವನ್ನು ದಿಟ್ಟಿಸಿದರೆ ಹಾವೆಂದೇ ಲೆಕ್ಕ. ಕೂಗಾಡದೆ ಹಗ್ಗ ಎಳೆದುಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯುತ್ತೇನೆ. ಬಾಲ ಮುದುರಿ ನನ್ನ ಕಾಲಿಗೆ ಅಂಟಿಕೊಂಡು ಮುಂದಕ್ಕೆ ಬರಲೊಪ್ಪದಿದ್ದರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. ಚಿರತೆ ಓಡಾಡುವ ಕಡೆಗಳಲ್ಲಿ ನಾಯಿ ಅದಕ್ಕೆ ಸುಲಭದ ಆಹಾರ. ಹಾಗೆ ತಿರುಗಿ ಬಂದಾಗಲೆಲ್ಲ ಪೊದೆಯಲ್ಲಿ ನಿಜವಾಗಿ ಏನಿತ್ತೆಂದು ನನಗೆ ಗೊತ್ತಾಗಿಲ್ಲ, ಗೊತ್ತು ಮಾಡಿಕೊಳ್ಳುವ ಹಟವೂ ಇಲ್ಲ.

ಹಗ್ಗದ ವಿಷಯದಲ್ಲಿ ನಾನು ಸ್ವಲ್ಪ ಮೊಂಡು. ಎಳೆದಂತೆ ಉದ್ದವಾಗುವ, ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಹಗ್ಗ ಸಂಜೆಗೆ ಸಲ್ಲದು. ನಾಯಿ ನಿಮಗಿಂತ ಐದು ಮೀಟರ್ ಮುಂದಿದ್ದರೆ ಅದು ನೋಡಿದ್ದನ್ನು ನೀವು ನೋಡುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ. ಎರಡು ಮೀಟರ್ ಮೀರದ ಗಟ್ಟಿ ಹಗ್ಗ, ಕತ್ತಿನ ಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ. ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಮೊಲ ಜಿಗಿದ ಕ್ಷಣ ಬೆರಳು ಮುರಿಯುವಷ್ಟು ಸೆಳೆತ ಬರುತ್ತದೆ. ‘ನಮ್ಮ ನಾಯಿ ಏನೂ ಮಾಡಲ್ಲ’ ಎಂದು ಬಿಟ್ಟು ನಡೆಸುವವರು ಸಿಗುತ್ತಾರೆ. ಕಚ್ಚದಿದ್ದರೂ ಅಟ್ಟಿಸಿಕೊಂಡು ಹೋದರೆ ಸಾಕು, ಮರಿಯಿರುವ ಪ್ರಾಣಿ ಮರಿಯನ್ನು ಬಿಟ್ಟೇ ಓಡುತ್ತದೆ.

ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ಟಾರ್ಚು ಒಳ್ಳೆಯದು, ಕೈ ಬಿಡುವಾಗಿರುತ್ತದೆ ಎಂಬುದಷ್ಟೇ ಕಾರಣವಲ್ಲ. ರಾತ್ರಿ ಓಡಾಡುವ ಅನೇಕ ಪ್ರಾಣಿಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಪದರವಿದೆ. ಬೆಳಕು ನಮ್ಮ ಕಣ್ಣಿನ ಹತ್ತಿರದಿಂದಲೇ ಹೊರಟರೆ ಮಾತ್ರ ಆ ಹೊಳಪು ನಮಗೆ ಚೆನ್ನಾಗಿ ಕಾಣುತ್ತದೆ. ಹುಲ್ಲಿನ ಬುಡದಲ್ಲಿ ಅಲ್ಲಲ್ಲಿ ಮಿನುಗುವ ಒಂಟಿ ಚುಕ್ಕಿ ಬಹುತೇಕ ಜೇಡ. ದಾರಿಯ ನಡುವೆ ನೆಲಮಟ್ಟದಲ್ಲಿ ಕೆಂಪಗೆ ಹೊಳೆದು, ಹತ್ತಿರ ಹೋದಾಗ ಸದ್ದಿಲ್ಲದೆ ಹಾರಿದರೆ ಅದು ನತ್ತಿಂಗ ಎಂಬ ಇರುಳು ಹಕ್ಕಿ. ಬಣ್ಣ ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ ನಾನು ನೆಚ್ಚುವುದು ಕಣ್ಣುಗಳ ಎತ್ತರ, ಅವುಗಳ ನಡುವಿನ ಅಂತರ, ಚಲಿಸುವ ರೀತಿ. ಒಮ್ಮೆ ಗುರುತಾದ ಮೇಲೆ ಬೆಳಕನ್ನು ಅದರ ಮುಖಕ್ಕೇ ಹಿಡಿದಿರಬಾರದು. ಕಣ್ಣು ಕತ್ತಲಿಟ್ಟ ಪ್ರಾಣಿ ಯಾವ ಕಡೆಗೆ ನುಗ್ಗುತ್ತದೆಂದು ಹೇಳಲಾಗದು.

ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎನ್ನುವುದು ಸುಳ್ಳು. ಬೆನ್ನು ತಿರುಗಿಸಿ, ಬಾಲದ ಮುಳ್ಳುಗಳನ್ನು ಗರಗರ ಅಲ್ಲಾಡಿಸಿ ಎಚ್ಚರಿಸುತ್ತದೆ. ಅದಕ್ಕೂ ಜಗ್ಗದಿದ್ದರೆ ಹಿಮ್ಮುಖವಾಗಿಯೇ ನುಗ್ಗುತ್ತದೆ, ತಾಗಿದ ಮುಳ್ಳು ಅಲ್ಲೇ ಕಿತ್ತು ಉಳಿಯುತ್ತದೆ. ನಾಯಿ ಮುಖ ಕೊಟ್ಟೇ ಎದುರಿಸುವುದರಿಂದ ಮೂತಿ, ನಾಲಿಗೆ, ಕಣ್ಣಿಗೇ ಅಪಾಯ. ಚುಚ್ಚಿದ್ದನ್ನು ಮನೆಯಲ್ಲಿ ಕೀಳಲು ಹೋಗಬೇಡಿ, ತುಂಡಾಗಿ ಒಳಗೇ ಉಳಿದರೆ ಕೀವು ಕಟ್ಟುತ್ತದೆ. ಪಶುವೈದ್ಯರು ಅರಿವಳಿಕೆ ಕೊಟ್ಟು ತೆಗೆಯುವುದೇ ಸರಿ. ಹಾವಿನಲ್ಲಿ ಕೊಳಕುಮಂಡಲ ಕುಕ್ಕರಿನ ಆವಿಯಂತೆ ಬುಸುಗುಟ್ಟಿ ಸುಳಿವು ಕೊಡುವುದುಂಟು, ಕಟ್ಟುಹಾವಿನಿಂದ ಅಂಥ ಉಪಕಾರ ನಿರೀಕ್ಷಿಸಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡೇ ಆಸ್ಪತ್ರೆಗೆ ಹೋಗಬೇಕು. ಹಾವಿನ ವಿಷಕ್ಕೆ ಮದ್ದು ಎಲ್ಲ ಪಶು ಆಸ್ಪತ್ರೆಯಲ್ಲೂ ಇರುವುದಿಲ್ಲ. ಎಲ್ಲಿದೆ, ರಾತ್ರಿ ಯಾರು ಸಿಗುತ್ತಾರೆ ಎಂದು ಮೊದಲೇ ವಿಚಾರಿಸಿ ನಂಬರನ್ನು ಫೋನಿನಲ್ಲಿಟ್ಟಿದ್ದೇನೆ.

ಕಪ್ಪೆಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಮಳೆಗಾಲದಲ್ಲಿ ಒರಟು ಚರ್ಮದ ನೆಲಗಪ್ಪೆಯನ್ನು ನಾಯಿ ಬಾಯಿಗೆ ಹಾಕಿಕೊಂಡರೆ ಸ್ವಲ್ಪದರಲ್ಲೇ ನೊರೆ ಸುರಿಯುತ್ತದೆ. ತಲೆ ಕೆಳಗೆ ಬಾಗಿಸಿ, ನೀರು ಗಂಟಲಿಗೆ ಹೋಗದಂತೆ ಬಾಯಿ ತೊಳೆದು ವೈದ್ಯರಿಗೆ ಫೋನ್ ಮಾಡಬೇಕು.

ನಮ್ಮ ನಾಯಿಗಳಿಂದ ಕಾಡಿಗೆ ಹೋಗುವ ರೋಗ ಸಣ್ಣದಲ್ಲ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಹಬ್ಬಿ ಸಿಂಹಗಳ ಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಅಳಿಯಿತು, ಮೂಲ ಸುತ್ತಲಿನ ಊರುಗಳ ನಾಯಿಗಳೆಂದೇ ಸಂಶೋಧಕರು ಶಂಕಿಸಿದ್ದರು. ಅದಕ್ಕೇ ರೇಬೀಸ್, ಡಿಸ್ಟೆಂಪರ್, ಇಲಿಜ್ವರ ಈ ಮೂರರ ಲಸಿಕೆಯ ತಾರೀಖನ್ನು ನಾನು ತಪ್ಪಿಸುವುದಿಲ್ಲ. ನಾಯಿ ಹೇತದ್ದನ್ನೂ ಪೊದೆಯಲ್ಲೇ ಬಿಟ್ಟು ಬರುವುದಿಲ್ಲ. ಟಿಟ್ಟಿಭ ನೆಲದ ಮೇಲೆ ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಯಲಿನ ದಾರಿಯನ್ನೇ ಬಿಡುತ್ತೇನೆ. ಹಕ್ಕಿ ತಲೆಯ ಮೇಲೆ ಸುತ್ತಿ ಕಿರುಚುತ್ತಿದ್ದರೆ ಗೂಡು ಅಲ್ಲೇ ಎಲ್ಲೋ ಇದೆ, ನಿಂತು ಹುಡುಕದೆ ದಾಟಿಬಿಡಬೇಕು.

ಮನೆಗೆ ಬಂದ ಮೇಲೆ ಉಣ್ಣಿ ನೋಡುವ ಕೆಲಸ ಉಳಿದಿರುತ್ತದೆ: ಕಿವಿಯ ಒಳಮಡಿಕೆ, ಬೆರಳ ಸಂದಿ, ಬಾಲದ ಬುಡ, ತೊಡೆಸಂದು. ಸಿಕ್ಕಿದ್ದನ್ನು ಸಣ್ಣ ಚಿಮಟಿಗೆಯಲ್ಲಿ ಚರ್ಮಕ್ಕೆ ಹತ್ತಿಸಿ ಹಿಡಿದು ನೇರಕ್ಕೆ ಎಳೆಯುತ್ತೇನೆ. ಸೀಮೆಎಣ್ಣೆ ಹಾಕುವುದೂ ಸುಡುವುದೂ ಬೇಡ. ನನ್ನ ಪ್ಯಾಂಟಿನ ಅಂಚನ್ನೂ ಅದೇ ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳುತ್ತೇನೆ.